ಅಮೊರ್ಸೋಲೊ ಬರೀ ಕ್ಯಾಲೆಂಡರ್ ಚಿತ್ರಕಾರನಾ? ಬನ್ನಿ, ಜಗಳ ಆಡೋಣ

ಬಣ್ಣದ ಡಬ್ಬಿ:
ಹೋದ ವಾರ ಇಲ್ಲಿ ಒಂದು ಚಿತ್ರ ಹಾಕಿದ್ದೆ. ಗದ್ದೆ ತುಂಬ ನೀರು, ಹೆಂಗಸರು ಬಗ್ಗಿ ನಾಟಿ ಮಾಡುತ್ತಿದ್ದಾರೆ, ಬಿಸಿಲೋ ಬಿಸಿಲು. ಫಿಲಿಪೀನ್ಸ್‌ನ ಫೆರ್ನಾಂಡೊ ಅಮೊರ್ಸೋಲೊ 1922ರಲ್ಲಿ ಬರೆದದ್ದು. ಕೆಳಗೆ ಒಬ್ಬರು ಬಂದು "ಕ್ಯಾಲೆಂಡರ್ ಚಿತ್ರ, ಕಲೆ ಅಲ್ಲ" ಅಂತ ಒಂದೇ ಸಾಲು ಗೀಚಿ ಹೋದರು. ಅವತ್ತು ಸುಮ್ನಿದ್ದೆ. ಆದರೆ ತಲೆಯಿಂದ ಹೋಗಲಿಲ್ಲ, ಅದಕ್ಕೇ ಇವತ್ತು ಬೇರೆ ಚರ್ಚೆ ಶುರು ಮಾಡಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಹುಟ್ಟಿದ್ದು 1892ರಲ್ಲಿ, ಮನಿಲಾದ ಪಾಕೊ ಅನ್ನುವ ಕಡೆ. ಬೆಳೆದದ್ದು ದಾಎತ್ ಅನ್ನುವ ಊರಲ್ಲಿ. ಅಪ್ಪ ಲೆಕ್ಕ ಬರೆಯುವ ಕೆಲಸದಲ್ಲಿದ್ದರು, ಬೇಗ ತೀರಿಕೊಂಡರು. ಅಮ್ಮ ಮಕ್ಕಳನ್ನು ಕಟ್ಟಿಕೊಂಡು ಮನಿಲಾಕ್ಕೆ ಬಂದು ತಮ್ಮ ಕಸಿನ್ ಫಾಬಿಯಾನ್ ದೆ ಲಾ ರೋಸಾ ಮನೆ ಸೇರಿದರು. ಆತ ಆಗಲೇ ಹೆಸರು ಮಾಡಿದ್ದ ಚಿತ್ರಕಾರ. ಹದಿಮೂರು ವರ್ಷಕ್ಕೆ ಹುಡುಗ ಅವರ ಹತ್ತಿರ ಶಿಷ್ಯನಾಗಿ ಕೂತ. ಅಮ್ಮ ಕಸೂತಿ ಹಾಕುತ್ತಿದ್ದರು, ಮಗ ಪೋಸ್ಟ್‌ಕಾರ್ಡ್ ಮೇಲೆ ಜಲವರ್ಣ ಬರೆದು ಪುಸ್ತಕದಂಗಡಿಗೆ ಕೊಡುತ್ತಿದ್ದ, ಒಂದಕ್ಕೆ ಹತ್ತು ಸೆಂಟಾವೊ, ನಮ್ಮ ಪೈಸೆ ಹಾಗೆ. 1914ರಲ್ಲಿ ಫಿಲಿಪೀನ್ಸ್ ವಿಶ್ವವಿದ್ಯಾಲಯದ ಚಿತ್ರಕಲಾ ಶಾಲೆ ಮುಗಿಸಿ, ಅದೇ ಶಾಲೆಯಲ್ಲಿ ಮೇಷ್ಟ್ರಾಗಿ 38 ವರ್ಷ ಇದ್ದರು. 1938ರಿಂದ 1952ರವರೆಗೆ ಅದರ ಮುಖ್ಯಸ್ಥರೂ ಅವರೇ. 1972ರ ಏಪ್ರಿಲ್‌ನಲ್ಲಿ ತೀರಿಕೊಂಡರು. ನಾಲ್ಕು ದಿನಕ್ಕೆ ಸರ್ಕಾರ "ರಾಷ್ಟ್ರೀಯ ಕಲಾವಿದ" ಅಂತ ಘೋಷಿಸಿತು, ಆ ಬಿರುದು ಸಿಕ್ಕ ಮೊದಲನೆಯವರು ಇವರು.

ನನ್ನ ಮಾತು ಇಷ್ಟೇ. ಆತನನ್ನು ಬರೀ ಚಿತ್ರಕಾರ ಅಂತ ನೋಡುವುದು ಅರ್ಧ ನೋಡಿದ ಹಾಗೆ. ಆತ ಮೇಷ್ಟ್ರು. ಅದನ್ನು ಬಿಟ್ಟು ಮಾತಾಡಿದರೆ ಜಗಳವೇ ತಪ್ಪು ಜಾಗದಲ್ಲಿ ಶುರುವಾಗುತ್ತದೆ.

ಗಿರೀಶ ಎಂ:
ಆ ಒಂದು ಸಾಲು ಬರೆದವನು ನಾನೇ. ಓಡಿಹೋಗಿರಲಿಲ್ಲ ಮಾರಾಯರೆ, ಬಸ್ ಬಂತು, ಹತ್ತಿದೆ.

ಈಗ ಪೂರ್ತಿ ಹೇಳುತ್ತೇನೆ. 1920, 30ರ ಫಿಲಿಪೀನ್ಸ್ ಅಮೆರಿಕದ ವಸಾಹತು. ಬಂದ ಅಧಿಕಾರಿಗಳು, ವ್ಯಾಪಾರಿಗಳು, ಪ್ರವಾಸಿಗಳು ವಾಪಸ್ ಹೋಗುವಾಗ ನೆನಪಿಗೆ ಏನಾದರೂ ಒಯ್ಯಬೇಕು. ಅಮೊರ್ಸೋಲೊ ಕೊಟ್ಟರು: ನಗುವ ಹುಡುಗಿ, ಹೊಳೆ, ಹಣ್ಣಿನ ಬುಟ್ಟಿ, ಎಮ್ಮೆ, ಹಬ್ಬ. ಅವರ ನಾಟಿ ಚಿತ್ರ ಪೋಸ್ಟರ್‌ಗೂ ಪ್ರವಾಸಿ ಕರಪತ್ರಕ್ಕೂ ಹತ್ತಿತು. ಅದೇ ಕಾಲದಲ್ಲಿ ಆ ಗದ್ದೆಗಳಲ್ಲಿ ಏನಾಗುತ್ತಿತ್ತು ಗೊತ್ತಾ? 1931ರಲ್ಲಿ ಪಂಗಸಿನಾನ್ ಪ್ರಾಂತ್ಯದ ತಯುಗ್ ಊರಲ್ಲಿ ಗೇಣಿದಾರರು ದಂಗೆ ಎದ್ದರು. 1935ರ ಮೇನಲ್ಲಿ ಮನಿಲಾ ಸುತ್ತಲಿನ ಊರುಗಳಲ್ಲಿ ಸಕ್ದಾಲ್ ಅನ್ನುವ ಬಡ ರೈತರ ಪಕ್ಷದವರ ದಂಗೆ. ಬೆಳೆ ಅರ್ಧಕ್ಕರ್ಧ ಒಡೆಯನಿಗೆ, ಉಳಿದದ್ದು ಸಾಲಕ್ಕೆ. ಅಮೊರ್ಸೋಲೊ ಗದ್ದೆಯಲ್ಲಿ ಒಡೆಯ ಎಲ್ಲಿ? ಸಾಲ ಎಲ್ಲಿ? ಬೆವರು ಕೂಡ ಇಲ್ಲ.

ನಮ್ಮಮ್ಮ ನಾಟಿ ಮಾಡಿದವರು. ಸಂಜೆ ಮನೆಗೆ ಬಂದು ಸೊಂಟ ನೇರ ಮಾಡೋಕೆ ಹತ್ತು ನಿಮಿಷ ಗೋಡೆ ಹಿಡಿದು ನಿಲ್ಲುತ್ತಿದ್ದರು. ಅದಕ್ಕೇ ಈ ಚಿತ್ರ ನೋಡಿದರೆ ನನಗೆ ಸಿಟ್ಟು ಬರುತ್ತದೆ. ಕಲಾ ವಿಮರ್ಶೆ ಗಿಮರ್ಶೆ ಅಲ್ಲ ಇದು.

ಸುಮ್ನೆ ಓದೋನು:
ಗಿರೀಶ್ ಅವರ ಕಾಮೆಂಟ್‌ಗೆ ಲೈಕ್. ಡಬ್ಬಿ ಅವರ ಪೋಸ್ಟ್‌ಗೂ ಲೈಕ್. ನಾನು ಯಾರ ಕಡೆ ಅಂತ ಕೇಳಬೇಡಿ.

ಡ್ರಾಯಿಂಗ್ ಮೇಷ್ಟ್ರು:
ನಾನು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದವನು. ಲೋಯರ್, ಹೈಯರ್ ಪರೀಕ್ಷೆಗೆ ಎಷ್ಟು ಮಕ್ಕಳನ್ನು ಕೂರಿಸಿದ್ದೇನೋ ಲೆಕ್ಕ ಇಲ್ಲ. ಗಿರೀಶ್ ಅವರ ಸಿಟ್ಟು ಒಪ್ಪುತ್ತೇನೆ. ಆದರೆ "ಕ್ಯಾಲೆಂಡರ್" ಅಂತ ಬೈಯುವ ಮೊದಲು ಆ ಬೆಳಕು ಹೇಗೆ ಬಂತು ಅಂತ ಒಂದು ಸಲ ನೋಡಿ.

ಸಾಮಾನ್ಯವಾಗಿ ನಾವು ಮುಖದ ಮೇಲೆ ಬೆಳಕು ಬೀಳುವ ಹಾಗೆ ಬರೆಯುತ್ತೇವೆ. ಮಕ್ಕಳಿಗೂ ಹಾಗೇ ಹೇಳಿಕೊಡುವುದು, "ಕಿಟಕಿ ಕಡೆ ಮುಖ ಮಾಡಿ ಕೂರಪ್ಪ" ಅಂತ. ಅಮೊರ್ಸೋಲೊ ಸೂರ್ಯನನ್ನು ಆಳಿನ ಬೆನ್ನ ಹಿಂದೆ ಇಡುತ್ತಾರೆ. ಆಗ ಮುಖ ನೆರಳಿಗೆ ಹೋಗಬೇಕು, ಕಪ್ಪಾಗಬೇಕು. ಆಗುವುದಿಲ್ಲ. ಯಾಕೆ? ಗದ್ದೆ ನೀರಿನಿಂದ, ಬಿಳಿ ಬಟ್ಟೆಯಿಂದ, ಒಣ ಹುಲ್ಲಿನಿಂದ ಪುಟಿದು ಬಂದ ಬೆಳಕನ್ನು ಆ ನೆರಳಿನೊಳಗೆ ತುಂಬಿರುತ್ತಾರೆ. ನೆರಳಿನಲ್ಲಿ ನೇರಳೆ ಇದೆ, ಹಸಿರಿದೆ, ಕೆಂಪಿದೆ, ಬರೀ ಕಪ್ಪು ಎಲ್ಲೂ ಇಲ್ಲ. ಆಮೇಲೆ ಕೂದಲ ಅಂಚಿಗೆ, ಭುಜಕ್ಕೆ, ಸಲಕೋಟ್ ಅಂತ ಅವರು ಹಾಕುವ ಅಗಲ ಟೊಪ್ಪಿಯ ಅಂಚಿಗೆ ಒಂದು ದಪ್ಪ ಹಳದಿ ಗೆರೆ. ಒಂದೇ ಎಳೆತ. ಎರಡನೇ ಸಲ ತಿದ್ದಿದರೆ ಕೊಳೆಯಾಗುತ್ತದೆ. ನಾನು ಪ್ರಯತ್ನ ಮಾಡಿ ಮೂರು ಹಾಳೆ ಹರಿದು ಹಾಕಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಈ ವಿದ್ಯೆ ಅವರು ಸ್ಪೇನ್‌ನಲ್ಲಿ ಕಂಡದ್ದು. ಮಡ್ರಿಡ್‌ನ ಸಾನ್ ಫೆರ್ನಾಂಡೊ ಅಕಾಡೆಮಿಗೆ ಕಳಿಸಿದ್ದರು. ಅಲ್ಲಿ ಸ್ಪೇನಿನ ಹಳೇ ದೊಡ್ಡ ಚಿತ್ರಕಾರ ವೆಲಾಸ್ಕೆಸ್ ಚಿತ್ರಗಳನ್ನು ಕಣ್ತುಂಬ ನೋಡಿದರು. ಸೊರೋಯಾ ಅಂತ ಅಲ್ಲಿನ ಇನ್ನೊಬ್ಬ ಚಿತ್ರಕಾರ, ಸಮುದ್ರ ತೀರದ ಬಿಸಿಲು ಬರೆಯುವುದರಲ್ಲಿ ಎತ್ತಿದ ಕೈ, ಆತನ ಪ್ರಭಾವವೂ ಇದೆ. ಆದರೆ ಸ್ಪೇನಿನ ಬಿಸಿಲು ಬೇರೆ, ಮನಿಲಾ ಇರುವ ಲುಝಾನ್ ದ್ವೀಪದ ಬಿಸಿಲು ಬೇರೆ. ಆ ತೇವದ ಗಾಳಿಯ ಬಿಸಿಲನ್ನು ಕ್ಯಾನ್ವಾಸಿಗೆ ತಂದದ್ದು ಇವರೇ.

ದವಾವೋ ಡಾಕ್ಟ್ರು:
ನಮಸ್ಕಾರ. ನಾನು ಚನ್ನರಾಯಪಟ್ಟಣದವನು, ಫಿಲಿಪೀನ್ಸ್‌ನ ದವಾವೋದಲ್ಲಿ ಮೆಡಿಕಲ್ ಓದುತ್ತಿದ್ದೇನೆ. ಇನ್ನೂ ಡಾಕ್ಟ್ರಲ್ಲ, ಹೆಸರು ಆಸೆಗೆ ಇಟ್ಟುಕೊಂಡದ್ದು. ಕಲೆ ಬಗ್ಗೆ ನನಗೆ ಸೊನ್ನೆ. ಆದರೆ ಸ್ಪೇನ್‌ಗೆ ಯಾರು ಕಳಿಸಿದರು ಅನ್ನುವ ಕಥೆ ಇಲ್ಲಿಯವರು ಹೇಳುವುದನ್ನು ಕೇಳಿದ್ದೇನೆ.

ನಮ್ಮ ಹಾಸ್ಟೆಲ್ ಮುಂದೆ ಒಂದು ಸಾರಿ-ಸಾರಿ ಅಂಗಡಿ ಇದೆ. ನಮ್ಮ ಚಿಲ್ಲರೆ ಅಂಗಡಿ ಹಾಗೆ, ಆದರೆ ಮುಂದೆ ಕಬ್ಬಿಣದ ಜಾಲರಿ, ಅದರ ತೂತಿನಿಂದ ದುಡ್ಡು ಕೊಟ್ಟು ಸಾಮಾನು ತಗೊಳ್ಳಬೇಕು. ಅಲ್ಲಿ ಸಾಲಾಗಿ ಜಿನ್ ಬಾಟ್ಲಿ. ಹಿನೆಬ್ರಾ ಸಾನ್ ಮಿಗೆಲ್ ಅಂತ. ಲೇಬಲ್ ಮೇಲೆ ರೆಕ್ಕೆಯ ದೇವದೂತ ಮಿಗೆಲ್ ಕತ್ತಿ ಎತ್ತಿ ನಿಂತಿದ್ದಾನೆ, ಕಾಲಡಿ ಸೈತಾನ. ಇಲ್ಲಿ ಅದಕ್ಕೆ "ಮಾರ್ಕಾಂಗ್ ದೆಮೊನ್ಯೊ" ಅಂತಾರೆ, ಅಂದರೆ ದೆವ್ವದ ಮಾರ್ಕು. ದೇವದೂತನ ಹೆಸರಿನ ಬಾಟ್ಲಿಗೆ ಜನ ದೆವ್ವದ ಹೆಸರಿಟ್ಟರು ನೋಡಿ. ಅದನ್ನು ಬರೆದದ್ದು ಅಮೊರ್ಸೋಲೊ, 1917ರಲ್ಲಿ. ಆಗ ಆ ಭಟ್ಟಿ ಅಯಾಲ ಕಂಪನಿಯ ಕೈಯಲ್ಲಿತ್ತು. ಅದೇ ಮನೆತನದ ಎನ್ರಿಕೆ ಸೋಬೆಲ್ ದೆ ಅಯಾಲ ಅನ್ನುವವರು ಇವರ ಸ್ಪೇನ್ ಓದಿನ ಖರ್ಚು ಕೊಟ್ಟದ್ದು.

ನೂರು ವರ್ಷ ದಾಟಿದೆ. ಇವತ್ತೂ ಟ್ರೈಸಿಕಲ್ ಓಡಿಸುವವರು ಸಂಜೆ ಆ ಬಾಟ್ಲಿ ಸುತ್ತ ಕೂರುತ್ತಾರೆ. ಮ್ಯೂಸಿಯಂ ಮೆಟ್ಟಿಲು ಹತ್ತದವರ ಕೈಯಲ್ಲೂ ಆತನ ಚಿತ್ರ ಇದೆ.

ಸುಮ್ನೆ ಓದೋನು:
ಇನ್ನೇನು, ಗಿರೀಶ್ ಅವರೇ ಗೆದ್ದರು. ಕ್ಯಾಲೆಂಡರ್ ಅಂತ ಬೈದದ್ದು ಜಾಸ್ತಿ ಆಯ್ತು ಅಂದುಕೊಂಡಿದ್ದೆ, ನೋಡಿದರೆ ಬಾಟ್ಲಿ ಲೇಬಲ್ಲು.

ಶಾಂತಲಾ:
ಅಲ್ಲಿ ಬಾಟ್ಲಿ, ಇಲ್ಲಿ ರವಿವರ್ಮನ ಲಕ್ಷ್ಮಿ ಪೂಜೆ ಕೋಣೆಯಲ್ಲಿ. ಮನೆಮನೆಗೆ ಹೋದ ಚಿತ್ರವನ್ನು ಕಲೆ ಅನ್ನೋಕೆ ನಮಗೆ ಯಾಕೋ ನಾಚಿಕೆ.

ಗಿರೀಶ ಎಂ:
ಯಾವ ದೇಶದ ಚಿತ್ರಕಾರನ ಮಾತು ಬಂದರೂ ರವಿವರ್ಮನನ್ನು ಎಳೆದು ತರಬೇಕಾ? ಬಿಡಿ ಪಾಪ ಅವರನ್ನು.

ನಾನು ಇನ್ನೊಬ್ಬರ ಹೆಸರು ಹೇಳುತ್ತೇನೆ. ವಿಕ್ಟೋರಿಯೊ ಎಡಾಡೆಸ್. ಆತನೂ ಮೇಷ್ಟ್ರೇ. ಹುಟ್ಟಿದ್ದು 1895ರಲ್ಲಿ ದಗುಪನ್‌ನಲ್ಲಿ, ಅಂದರೆ ನಾನು ಹೇಳಿದ ತಯುಗ್ ದಂಗೆ ಆದ ಅದೇ ಪಂಗಸಿನಾನ್ ಪ್ರಾಂತ್ಯ. ಓದಲು ಅಮೆರಿಕದ ಸಿಯಾಟಲ್‌ಗೆ ಹೋದರು. ಸ್ಪೇನ್ ಖರ್ಚು ಕೊಡುವ ಧಣಿ ಯಾರೂ ಇರಲಿಲ್ಲ, ಬೇಸಿಗೆ ರಜೆಯಲ್ಲಿ ಅಲಾಸ್ಕಾಗೆ ಹೋಗಿ ಸಾಲ್ಮನ್ ಮೀನು ಡಬ್ಬಕ್ಕೆ ತುಂಬುವ ಕಾರ್ಖಾನೆಯಲ್ಲಿ ದುಡಿದರು. ಕೂಲಿ ಅಂದರೇನು ಅಂತ ಮೈಗೆ ಗೊತ್ತಿತ್ತು. 1922ರಲ್ಲಿ ಅಲ್ಲಿ ಯೂರೋಪಿನ ಹೊಸ ಚಿತ್ರಗಳ ಪ್ರದರ್ಶನ ನೋಡಿ ತಲೆ ತಿರುಗಿತು. ಸೆಜಾನ್, ಗೊಗ್ಯಾನ್ ಅಂತ ಫ್ರಾನ್ಸಿನ ಹೊಸ ದಾರಿಯ ಚಿತ್ರಕಾರರು, ಇವರೆಲ್ಲ ಹಿಡಿಸಿದರು. ನೋಡಿ, ಅದೇ 1922. ಒಬ್ಬ ಮನಿಲಾದಲ್ಲಿ ನಾಟಿ ಚಿತ್ರ ಬರೆಯುತ್ತಿದ್ದ, ಇನ್ನೊಬ್ಬ ಸಿಯಾಟಲ್‌ನಲ್ಲಿ ಅದನ್ನು ಒಡೆಯುವುದು ಹೇಗೆ ಅಂತ ಕಲಿಯುತ್ತಿದ್ದ.

1928ರಲ್ಲಿ ಊರಿಗೆ ಬಂದು ಡಿಸೆಂಬರ್‌ನಲ್ಲಿ ಮನಿಲಾದ ಫಿಲಿಪೀನ್ ಕೊಲಂಬಿಯನ್ ಕ್ಲಬ್ಬಿನಲ್ಲಿ ಪ್ರದರ್ಶನ ಇಟ್ಟರು. 30 ಚಿತ್ರ. ಒಂದೂ ಮಾರಾಟ ಆಗಲಿಲ್ಲ! ಅದರಲ್ಲಿ ಒಂದು "ದಿ ಬಿಲ್ಡರ್ಸ್", ಹತ್ತಡಿ ಆಸುಪಾಸು ಅಗಲ. ಕಲ್ಲು ಎಳೆಯುವ, ಎತ್ತುವ ಗಂಡಸರು. ಮಣ್ಣು ಬಣ್ಣ, ಕೊಳಕು ಹಸಿರು, ಕಂದು. ಬೆನ್ನು ತಿರುಚಿದೆ, ತೋಳು ಅಳತೆ ಮೀರಿದೆ, ಮುಖ ಸರಿಯಾಗಿ ಕಾಣುವುದೇ ಇಲ್ಲ. ಮೈಗೂ ಕಲ್ಲಿಗೂ ಜಾಸ್ತಿ ವ್ಯತ್ಯಾಸ ಇಲ್ಲ. ಗೋಡೆ ಹಿಡಿದು ನಿಂತ ನಮ್ಮಮ್ಮ ನನಗೆ ಆ ಚಿತ್ರದಲ್ಲಿ ಸಿಗುತ್ತಾರೆ, ಅಮೊರ್ಸೋಲೊ ಗದ್ದೆಯಲ್ಲಿ ಸಿಗುವುದಿಲ್ಲ.

ಓದುಗ ನಂ. 7:
ಎಡಾಡೆಸ್ ಅಮೊರ್ಸೋಲೊ ಅವರ ವಿದ್ಯಾರ್ಥಿ ಅಲ್ವಾ? ಗುರುವಿಗೆ ತಿರುಮಂತ್ರ ಅಂತ ಎಲ್ಲೋ ಓದಿದ ನೆನಪು.

ಗಿರೀಶ ಎಂ:
ಅಲ್ಲ. ಇಬ್ಬರಿಗೂ ಮೂರೇ ವರ್ಷ ಅಂತರ. ಎಡಾಡೆಸ್ ಓದಿದ್ದು ಸಿಯಾಟಲ್‌ನಲ್ಲಿ. ಮನಿಲಾದಲ್ಲಿ ಅವರು ಸೇರಿದ್ದು ಅಮೊರ್ಸೋಲೊ ಎದುರು ಪಾಳೆಯ, ಸಾಂತೊ ತೋಮಾಸ್ ವಿಶ್ವವಿದ್ಯಾಲಯ. 1930ರಿಂದ ಅಲ್ಲಿ ವಾಸ್ತುಶಿಲ್ಪ ವಿಭಾಗ ನಡೆಸಿದರು, ಆಮೇಲೆ ಚಿತ್ರಕಲೆಯೂ ಸೇರಿತು. ಚಿತ್ರ ಕಲಿಯುವವನಿಗೆ ಸಾಹಿತ್ಯ, ಚರಿತ್ರೆ, ಭಾಷೆ ಎಲ್ಲ ಬೇಕು, ಬರೀ ಕೈ ಪಳಗಿದರೆ ಸಾಲದು ಅಂತ ಪಾಠದ ಕ್ರಮವನ್ನೇ ಬದಲಾಯಿಸಿದರು. ಮೇಷ್ಟ್ರು ಅಂದರೆ ಹಾಗಿರಬೇಕು.

ಬಣ್ಣದ ಡಬ್ಬಿ:
ಸರಿ, ಈಗ ನೀವೇ ನನ್ನ ಜಾಗಕ್ಕೆ ಬಂದಿರಿ.

1938ರಲ್ಲಿ ಎಡಾಡೆಸ್ ಜೊತೆ "ಹದಿಮೂರು ಆಧುನಿಕರು" ಅಂತ ಒಂದು ಗುಂಪು ಆಯಿತು. ಆ ಪಟ್ಟಿ ನೋಡಿ. ವಿಸೆಂಟೆ ಮನನ್ಸಾಲಾ, ಸೆಸಾರ್ ಲೆಗಾಸ್ಪಿ, ಅನಿತಾ ಮಗ್ಸಾಯ್‌ಸಾಯ್, ಕಾರ್ಲೋಸ್ ಫ್ರಾನ್ಸಿಸ್ಕೊ (ಅವರನ್ನು ಎಲ್ಲರೂ ಬೊತೊಂಗ್ ಅನ್ನುತ್ತಿದ್ದರು). ಇವರೆಲ್ಲ ಕೈ ಪಳಗಿಸಿಕೊಂಡದ್ದು ಎಲ್ಲಿ? ಅಮೊರ್ಸೋಲೊ ಪಾಠ ಮಾಡುತ್ತಿದ್ದ ಶಾಲೆಯಲ್ಲಿ. ಮನನ್ಸಾಲಾ 1930ರಲ್ಲಿ ಅಲ್ಲಿಂದ ಮುಗಿಸಿದರು, ಲೆಗಾಸ್ಪಿ 1936ರಲ್ಲಿ. ಗುರುವಿನ ಹಳದಿ ಬಿಸಿಲನ್ನು ಬೇಡ ಅಂದ ಹುಡುಗರೇ ದೇಶದ ಮುಂದಿನ ಕಲೆಯನ್ನು ಕಟ್ಟಿದರು.

ಗಿರೀಶ ಎಂ:
ಅದು ಅವರ ಬುದ್ಧಿವಂತಿಕೆ. ಕೆಟ್ಟ ಮೇಷ್ಟ್ರ ಕೈಯಿಂದ ತಪ್ಪಿಸಿಕೊಂಡವರ ಹೆಸರನ್ನು ಮೇಷ್ಟ್ರ ಖಾತೆಗೆ ಜಮಾ ಮಾಡೋಕೆ ಆಗಲ್ಲ.

ಡ್ರಾಯಿಂಗ್ ಮೇಷ್ಟ್ರು:
ಈ ಮಾತಿಗೆ ನನಗೆ ಸ್ವಲ್ಪ ಬೇಜಾರಾಯಿತು ಗಿರೀಶ್, ಮೇಷ್ಟ್ರಾಗಿದ್ದವನಲ್ವಾ.

ಮನನ್ಸಾಲಾ ಚಿತ್ರ ನೋಡಿದ್ದೀರಾ? 1950ರ "ಮಡೋನ ಆಫ್ ದಿ ಸ್ಲಮ್ಸ್". ಯುದ್ಧ ಮುಗಿದ ಮನಿಲಾದ ತಗಡಿನ ಗುಡಿಸಲುಗಳ ನಡುವೆ ತಾಯಿ ಮಗುವನ್ನು ಅವಚಿಕೊಂಡಿದ್ದಾಳೆ. ಆಮೇಲೆ ಅವರು ಒಂದು ಹೊಸ ದಾರಿ ಹಿಡಿದರು. ಆಳನ್ನೂ ಮನೆಯನ್ನೂ ಚೂರು ಚೂರು ಮಾಡಿ ಒಂದರ ಹಿಂದೆ ಒಂದು ಇಡುವುದು, ಆದರೆ ಗಾಜಿನ ಹಾಗೆ ಒಂದರೊಳಗಿಂದ ಇನ್ನೊಂದು ಕಾಣಬೇಕು. ಕ್ಯೂಬಿಸಂ ಹೌದು, ಆದರೆ ಒಳಗಿರುವ ಮೀನು ಮಾರುವವಳು ಎಲ್ಲೂ ಕಳೆದುಹೋಗುವುದಿಲ್ಲ. ಹಾಗೆ ಒಡೆಯಬೇಕಾದರೆ ಮೊದಲು ಇಡೀ ಮೈ ಗೊತ್ತಿರಬೇಕು. ಮೊಣಕೈ ಎಲ್ಲಿ ಬಗ್ಗುತ್ತೆ, ಬುಟ್ಟಿ ಹೊತ್ತಾಗ ಕತ್ತಿನ ನರ ಯಾವ ಕಡೆ ಎಳೆಯುತ್ತೆ, ಇದೆಲ್ಲ. ಆ ಪಾಠ ಬೇಜಾರಿನ ಪಾಠ. ದಿನಾ ಕೂತು ಮಾಡೆಲ್ ನೋಡಿ ಇದ್ದಿಲಲ್ಲಿ ಎಳೆಯುವುದು. ಯಾರೂ ಅದನ್ನು ನೆನಪಿಟ್ಟುಕೊಂಡು ಮೇಷ್ಟ್ರಿಗೆ ಥ್ಯಾಂಕ್ಸ್ ಹೇಳಲ್ಲ. ನನ್ನ ಹತ್ತಿರ ಕಲಿತ ಒಬ್ಬ ಹುಡುಗ ಈಗ ಸಿನಿಮಾಕ್ಕೆ ಸೆಟ್ ಹಾಕುತ್ತಾನೆ. "ನಿಮ್ಮ ಪಾಠ ಏನೂ ಉಪಯೋಗಕ್ಕೆ ಬರಲಿಲ್ಲ ಸಾರ್" ಅಂತ ನಕ್ಕ. ಅವನ ಸೆಟ್ಟಿನ ಕಂಬಗಳು ಎಷ್ಟು ನೇರ ನಿಂತಿವೆ ಅಂತ ನನಗೊಬ್ಬನಿಗೆ ಗೊತ್ತು.

ಇನ್ನೊಂದು. ಹಳೇ ಶೈಲಿಯೋ ಹೊಸದೋ ಅಂತ ಆಗ ಅಲ್ಲಿನ ಪತ್ರಿಕೆಗಳಲ್ಲಿ ದೊಡ್ಡ ವಾಗ್ವಾದ ಆಯಿತು, ಅದರಲ್ಲಿ ಎಡಾಡೆಸ್ ಎದುರು ನಿಂತದ್ದು ಶಿಲ್ಪಿ ಗಿಯೆರ್ಮೊ ಟೊಲೆಂಟಿನೊ, ಸ್ಪೇನ್ ವಿರುದ್ಧ ಬಂಡೆದ್ದ ನಾಯಕ ಬೊನಿಫಾಸಿಯೊ ಅವರ ಸ್ಮಾರಕ ಮಾಡಿದವರು. ಹಳಬರ ಪರ ಲೇಖನಿ ಹಿಡಿದದ್ದು ಅವರು. ಎಲ್ಲರೂ ಬೈಯುವುದು ಅಮೊರ್ಸೋಲೊ ಹೆಸರು ಹಿಡಿದು, ಜಗಳ ಆಡಿದವರು ಇನ್ನೊಬ್ಬರು.

ಗಿರೀಶ ಎಂ:
ಮೇಷ್ಟ್ರೇ, ನಿಮಗೆ ಹೇಳಿದ್ದಲ್ಲ. ತಪ್ಪು ತಿಳಿಯಬೇಡಿ. "ಕೆಟ್ಟ" ಅನ್ನುವ ಪದ ವಾಪಸ್ ತಗೊಂಡೆ. ಉಳಿದದ್ದು ತಗೊಂಡಿಲ್ಲ.

ಶಾಂತಲಾ:
ಗಂಡಸರೆಲ್ಲ ಒಡೆಯ, ಗೇಣಿ, ಕ್ಯೂಬಿಸಂ ಅಂತ ಹೊರಟಿರಿ. ಆ ಚಿತ್ರಗಳ ತುಂಬ ಇರುವುದು ಹೆಂಗಸರು, ಅವರ ಬಗ್ಗೆ ಯಾರೂ ಮಾತೇ ಎತ್ತಲಿಲ್ಲ.

ಫಿಲಿಪೀನ್ಸ್ ಹೆಣ್ಣಿನ ಮುಖ ಹೇಗಿರಬೇಕು ಅಂತ ಅಮೊರ್ಸೋಲೊ ಒಂದು ಕಡೆ ಹೇಳಿದ್ದಾರೆ. ಮುಖ ದುಂಡಗಿರಬೇಕು, ಕಣ್ಣು ಚುರುಕಾಗಿರಬೇಕು, ಮೂಗು ಮೊಂಡಾದರೂ ಗಟ್ಟಿಯಾಗಿ ಎದ್ದು ಕಾಣಬೇಕು. ಬಣ್ಣ ಮಾತ್ರ ತೀರಾ ಬಿಳಿಯೂ ಬೇಡ, ಕಡು ಕಂದೂ ಬೇಡ, ನಾಚಿದಾಗ ಕೆಂಪಾಗುತ್ತಲ್ಲ ಹಾಗಿರಲಿ ಅಂತ. ಅರ್ಧ ಒಳ್ಳೆಯದು, ಅರ್ಧ ಕಿರಿಕಿರಿ. ಒಳ್ಳೆಯದು ಯಾಕೆಂದರೆ ಸ್ಪೇನಿನವರ ಚೂಪು ಮೂಗು, ಉದ್ದ ಮುಖದ ಅಂದವನ್ನು ಪಕ್ಕಕ್ಕಿಟ್ಟು ಊರಿನ ಮೂಗನ್ನು ಅಂದ ಅಂದರು. ವಸಾಹತಿನಲ್ಲಿ ಅದು ಸಣ್ಣ ಮಾತಲ್ಲ. ಕಿರಿಕಿರಿ ಯಾಕೆಂದರೆ ಬಣ್ಣದ ಹತ್ತಿರ ಬಂದಾಗ ಧೈರ್ಯ ಸಾಕಾಗಲಿಲ್ಲ. ಇಡೀ ದಿನ ಗದ್ದೆ ಬಿಸಿಲಲ್ಲಿ ನಿಂತವಳ ಮೈ ಕಪ್ಪಾಗದೆ ಹೇಗಿರುತ್ತೆ? ನಾವು ಮದುವೆಗೆ ಹುಡುಗಿ ನೋಡುವಾಗ "ಗೋಧಿ ಬಣ್ಣ" ಅಂತೀವಲ್ಲ, ಅದೇ ಜಾಣತನ.

ಈಗ ಡಬ್ಬಿ ಅವರ ಪಟ್ಟಿಯಲ್ಲಿದ್ದ ಅನಿತಾ ಮಗ್ಸಾಯ್‌ಸಾಯ್ ಚಿತ್ರ ನೋಡಿ. ಮದುವೆ ಆದಮೇಲೆ ಮಗ್ಸಾಯ್‌ಸಾಯ್-ಹೋ. ಹದಿಮೂರು ಜನರಲ್ಲಿ ಇದ್ದ ಒಬ್ಬಳೇ ಹೆಂಗಸು. ಅಮೊರ್ಸೋಲೊ ಮತ್ತು ಅವರ ತಮ್ಮ ಪಾಬ್ಲೊ, ಇಬ್ಬರ ಹತ್ತಿರವೂ ಕಲಿತವರು. ಅವರೂ ಜೀವನಪೂರ್ತಿ ಬರೆದದ್ದು ಅದೇ ವಿಷಯ: ಕೊಯ್ಲು, ಮೀನು, ಸಂತೆ, ಹೆಂಗಸರು. ಆದರೆ ಇವರ ಹೆಂಗಸರು ನಿಮ್ಮ ಕಡೆ ತಿರುಗಿ ನಗುವುದಿಲ್ಲ. ತಲೆಗೆ ಬಟ್ಟೆ ಕಟ್ಟಿಕೊಂಡು, ಕಣ್ಣು ಕಿರಿದು ಮಾಡಿ, ಒಬ್ಬರಿಗೊಬ್ಬರು ಒತ್ತಿಕೊಂಡು ಕೆಲಸ ನೋಡುತ್ತಾರೆ. ನೀವು ನೋಡುತ್ತಿದ್ದೀರಿ ಅನ್ನುವುದು ಅವರಿಗೆ ಲೆಕ್ಕಕ್ಕೇ ಇಲ್ಲ. ಗುರುವಿನ ಚಿತ್ರಕ್ಕೆ ಶಿಷ್ಯೆ ಕೊಟ್ಟ ಉತ್ತರ ಅದು ಅಂತ ನನಗನ್ನಿಸುತ್ತದೆ. ಗಿರೀಶ್ ಕೇಳುವ ದಣಿವು ಎಡಾಡೆಸ್‌ನ ಗಂಡಸರಲ್ಲಿ ಮಾತ್ರ ಇಲ್ಲ ಕಣ್ರೀ, ಇಲ್ಲೂ ಇದೆ.

ದವಾವೋ ಡಾಕ್ಟ್ರು:
ಶಾಂತಲಾ ಮೇಡಂ, ಇಲ್ಲಿ ಪ್ರತಿ ಅಂಗಡಿಯಲ್ಲೂ ಬಿಳಿ ಮಾಡುವ ಸೋಪು ಸಾಲುಸಾಲು ಇರುತ್ತೆ. ಆ ವಿಷಯದಲ್ಲಿ ನಮ್ಮೂರಿಗೂ ಇದಕ್ಕೂ ವ್ಯತ್ಯಾಸ ಇಲ್ಲ.

ರಜೆಯಲ್ಲಿ ಮನಿಲಾಕ್ಕೆ ಹೋದಾಗ ರಾಷ್ಟ್ರೀಯ ಮ್ಯೂಸಿಯಂ ನೋಡಿದ್ದೆ. ಟಿಕೆಟ್ ಇಲ್ಲ, ಪುಕ್ಕಟೆ, ಅದಕ್ಕೇ ಹೋದದ್ದು. ಒಳಗೆ ಹೋಗುತ್ತಲೇ ಹುವಾನ್ ಲುನಾ ಬರೆದ "ಸ್ಪೋಲಿಯಾರಿಯಂ" ಗೋಡೆ ತುಂಬ ಇದೆ, 1884ರಲ್ಲಿ ಮಡ್ರಿಡ್‌ನಲ್ಲಿ ಚಿನ್ನದ ಪದಕ ಗೆದ್ದದ್ದು. ಸತ್ತ ಗ್ಲಾಡಿಯೇಟರ್‌ಗಳನ್ನು ನೆಲದ ಮೇಲೆ ದರದರ ಎಳೆದುಕೊಂಡು ಹೋಗುತ್ತಿದ್ದಾರೆ. ಅದನ್ನು ನೋಡಿ ಎದೆ ಭಾರ ಮಾಡಿಕೊಂಡು ಆಮೇಲೆ ಅಮೊರ್ಸೋಲೊ ಚಿತ್ರಗಳಿರುವ ಕೋಣೆಗೆ ಹೋದರೆ ಯಾರೋ ಕಿಟಕಿ ತೆಗೆದ ಹಾಗಾಯಿತು. ನಿಜ ಹೇಳುತ್ತೇನೆ, ಆ ಹೊತ್ತಿಗೆ ಒಡೆಯ ಎಲ್ಲಿ ಅಂತ ನಾನು ಹುಡುಕಲಿಲ್ಲ. ಮನೆ ನೆನಪಾಯಿತು. ಪಕ್ಕದಲ್ಲಿ ಒಬ್ಬ ಅಜ್ಜಿ ಮೊಮ್ಮಗಳಿಗೆ ಚಿತ್ರದಲ್ಲಿದ್ದ ಮಡಿಕೆ ತೋರಿಸಿ ಏನೋ ಹೇಳುತ್ತಿದ್ದರು, ಭಾಷೆ ಪೂರ್ತಿ ಅರ್ಥ ಆಗಲಿಲ್ಲ.

ಗಿರೀಶ ಸರ್, ನಿಮ್ಮ ಎಡಾಡೆಸ್ ಕೊನೆಗಾಲದಲ್ಲಿ ಇದ್ದದ್ದು ನಮ್ಮ ದವಾವೋದಲ್ಲೇ. 1985ರಲ್ಲಿ ತೀರಿಕೊಂಡದ್ದೂ ಇಲ್ಲೇ.

ಗಿರೀಶ ಎಂ:
ಹೌದಾ! ಅವರಿಗೂ 1976ರಲ್ಲಿ ಅದೇ ರಾಷ್ಟ್ರೀಯ ಕಲಾವಿದ ಬಿರುದು ಬಂತು. ಒಂದೂ ಚಿತ್ರ ಮಾರಾಟ ಆಗದ ಆ ಪ್ರದರ್ಶನದಿಂದ ಲೆಕ್ಕ ಹಾಕಿ, 48 ವರ್ಷ.

ಬಣ್ಣದ ಡಬ್ಬಿ:
ಬೆವರಿಲ್ಲ, ನೋವಿಲ್ಲ ಅಂತ ಹೇಳಿದಿರಲ್ಲ, ಅದಕ್ಕೆ ಒಂದು ಉತ್ತರ ಬಾಕಿ ಇದೆ.

ಯುದ್ಧದ ವರ್ಷಗಳಲ್ಲಿ ಜಪಾನಿನವರು ಮನಿಲಾ ಹಿಡಿದಾಗ ಅಮೊರ್ಸೋಲೊ ಮನೆ ಅವರ ಸೈನಿಕರ ಠಾಣೆಗೆ ಹತ್ತಿರದಲ್ಲೇ ಇತ್ತು. ಊರು ಸುಡುವುದನ್ನು ಮನೆಯಿಂದಲೇ ನೋಡಿ ಸ್ಕೆಚ್ ಮಾಡಿಕೊಂಡರು. 1945ರ ಫೆಬ್ರವರಿಯಲ್ಲಿ ಮನಿಲಾ ಕಾಳಗ ಆಯಿತು, ಸತ್ತ ನಾಗರಿಕರೇ ಒಂದು ಲಕ್ಷದ ಹತ್ತಿರ. ಆ ವರ್ಷ ಬರೆದ ಒಂದು ಚಿತ್ರ, ಫಿಲಿಪೀನ್ಸ್ ಹೆಣ್ಣಿನ ಮಾನ ಕಾಯುವುದರ ಬಗ್ಗೆ. ಒಬ್ಬ ಗಂಡಸು ಹೆಂಗಸಿನ ಮುಂದೆ ಅಡ್ಡ ನಿಂತಿದ್ದಾನೆ. ಅವಳು ಹೆಂಡತಿಯೋ ಮಗಳೋ ಗೊತ್ತಾಗುವುದಿಲ್ಲ. ಎದುರಿಗೆ ಇರಬೇಕಾದ ಸೈನಿಕ ಚಿತ್ರದಲ್ಲೇ ಇಲ್ಲ. ಎಲ್ಲಿದ್ದಾನೆ ಅಂತ ಹುಡುಕಿದರೆ ಗಂಡಸಿನ ಕಾಲ ಹತ್ತಿರ ನೆಲದ ಮೇಲೆ ಒಂದು ಜಪಾನಿ ಮಿಲಿಟರಿ ಟೊಪ್ಪಿ ಬಿದ್ದಿದೆ. ಅಷ್ಟೇ. ನಾನು ಮೊದಲ ಸಲ ನೋಡಿದಾಗ ಆ ಟೊಪ್ಪಿ ಕಂಡಿರಲಿಲ್ಲ. ಕಂಡ ಮೇಲೆ ಬೇರೆ ಏನೂ ಕಾಣಲಿಲ್ಲ. ಇದು ಕ್ಯಾಲೆಂಡರಾ?

ಗಿರೀಶ ಎಂ:
ಅಲ್ಲ. ಇದನ್ನು ಒಪ್ಪುತ್ತೇನೆ, ಟೊಪ್ಪಿ ಒಳ್ಳೆಯ ಜಾಗ.

ಆದರೆ ನೀವು ನನ್ನ ಮಾತನ್ನೇ ಗಟ್ಟಿ ಮಾಡಿದಿರಿ ನೋಡಿ. ನೋವು ಬರೆಯೋಕೆ ಅವರಿಗೆ ಬರುತ್ತಿತ್ತು! ಕೈ ಇತ್ತು, ಕಣ್ಣಿತ್ತು. ಹೊರಗಿನವನು ಬಂದು ಹೊಡೆದಾಗ ಬರೆದರು. ಒಳಗಿನ ಒಡೆಯ ಹೊಡೆದಾಗ ಬರೆಯಲಿಲ್ಲ. ಬರದವನಾಗಿದ್ದರೆ ಬಿಟ್ಟುಬಿಡಬಹುದಿತ್ತು. ಯುದ್ಧ ಮುಗಿದ ಮೇಲೆ 1947ರಲ್ಲಿ ಮತ್ತೆ ಮನಿಲಾ ಹತ್ತಿರದ ಆಂತಿಪೋಲೊ ಊರಿನ ಜಾತ್ರೆ ಚಿತ್ರ, ಕುಣಿತ, ಬಿಸಿಲು.

ಶಾಂತಲಾ:
ಊರೆಲ್ಲ ಸುಟ್ಟು ಎರಡು ವರ್ಷಕ್ಕೆ ಒಬ್ಬ ಮನುಷ್ಯನಿಗೆ ಜಾತ್ರೆ ಬರೆಯಬೇಕು ಅನಿಸಿದರೆ ಅದನ್ನು ತಪ್ಪು ಅನ್ನೋಕೆ ನನಗಾಗಲ್ಲ ಗಿರೀಶ್. ನನ್ನ ಗೋಧಿ ಬಣ್ಣದ ತಕರಾರು ಹಾಗೇ ಇದೆ, ಆದರೆ ಇದಕ್ಕೆ ಬೈಯಬೇಡಿ.

ಡ್ರಾಯಿಂಗ್ ಮೇಷ್ಟ್ರು:
ಹೊಟ್ಟೆಪಾಡಿನ ಮಾತೂ ಸ್ವಲ್ಪ ಆಡಬೇಕು. 1931ರಲ್ಲಿ ಮೊದಲ ಹೆಂಡತಿ ತೀರಿಕೊಂಡಾಗ ಆರು ಮಕ್ಕಳು. ನಾಲ್ಕು ವರ್ಷ ಬಿಟ್ಟು ಇನ್ನೊಂದು ಮದುವೆ, ಮತ್ತೆ ಮಕ್ಕಳು. ಅವತ್ತಿನ ಪಾರ್ಟ್‌ಟೈಂ ಮೇಷ್ಟ್ರ ಸಂಬಳದಲ್ಲಿ ಅಷ್ಟು ಬಾಯಿ ತುಂಬೀತಾ? ಓದು ಮುಗಿದ ಹೊಸದರಲ್ಲಿ ಲೋಕೋಪಯೋಗಿ ಇಲಾಖೆಯಲ್ಲಿ ನಕ್ಷೆ ಎಳೆದರು, ಒಂದು ವ್ಯಾಪಾರದ ಕಂಪನಿಗೆ ಚಿತ್ರ ಬರೆದರು. ಶಾಲೆ ಮಕ್ಕಳ ಓದುವ ಪುಸ್ತಕಕ್ಕೂ ಬರೆದಿದ್ದಾರೆ, ಕಾಮಿಲೊ ಓಸಿಯಾಸ್ ಮಾಡಿದ "ಫಿಲಿಪೀನ್ ರೀಡರ್ಸ್" ಸರಣಿಗೆ. ಅಮೆರಿಕನ್ನರ ಪುಸ್ತಕದಲ್ಲಿ ಹಿಮ, ಸೇಬು ನೋಡುತ್ತಿದ್ದ ಮಕ್ಕಳಿಗೆ ತಮ್ಮದೇ ಮರ, ತಮ್ಮದೇ ಗುಡಿಸಲು ಪಾಠದಲ್ಲಿ ಕಂಡದ್ದು ಆಗ. ಗ್ಯಾಲರಿ ವಿಮರ್ಶಕರು ಇದನ್ನು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ನಾನು ತಗೊಳ್ಳುತ್ತೇನೆ, ನನ್ನ ಜೀವನ ಎಲ್ಲ ಪಠ್ಯಪುಸ್ತಕದ ಕಪ್ಪುಬಿಳುಪು ಚಿತ್ರದ ಮುಂದೆ ಕಳೆದಿದೆ.

ಅವರನ್ನು ಕೆಡಿಸಿದ್ದು ನಕಲು ಅಂತ ನನ್ನ ಅಭಿಪ್ರಾಯ. ಮನಿಲಾದ ಮಬಿನಿ ಬೀದಿಯಲ್ಲಿ ಇದೇ ಗದ್ದೆ, ಇದೇ ಗುಡಿಸಲು, ಇದೇ ಸಂಜೆಯನ್ನು ಪ್ರವಾಸಿಗಳಿಗೆ ಬರೆದು ಬರೆದು ಮಾರಿದರು. "ಮಬಿನಿ ಚಿತ್ರ" ಅಂದರೆ ಅಗ್ಗದ ಚಿತ್ರ ಅಂತಲೇ ಅರ್ಥ ಬಂತು. 1955ರಲ್ಲಿ ಒಂದು ಸ್ಪರ್ಧೆಯಲ್ಲಿ ಹೊಸಬರಿಗೇ ಬಹುಮಾನ ಕೊಟ್ಟರು ಅಂತ ಹಳೇ ಶೈಲಿಯವರು ತಮ್ಮ ಚಿತ್ರಗಳನ್ನು ಎತ್ತಿಕೊಂಡು ಹೊರಗೆ ಬಂದು ಬೀದಿಯಲ್ಲೇ ಇಟ್ಟರು. ಸಾವಿರ ನಕಲು ನೋಡಿದ ಕಣ್ಣಿಗೆ ಮೂಲವೂ ನಕಲಿನ ಹಾಗೆ ಕಾಣುತ್ತದೆ. ನಕಲಿನಲ್ಲಿ ಆ ಹಳದಿ ಗೆರೆ ಇರುತ್ತದೆ, ನೆರಳಿನೊಳಗಿನ ನೇರಳೆ ಇರುವುದಿಲ್ಲ. ಅಷ್ಟು ನೋಡಿಕೊಳ್ಳಿ.

ಸುಮ್ನೆ ಓದೋನು:
ಮೇಷ್ಟ್ರೇ, ನೀವು ಹರಿದು ಹಾಕಿದ ಮೂರು ಹಾಳೆ ಆದಮೇಲೆ ನಾಲ್ಕನೆಯದು ಏನಾಯ್ತು?

ಡ್ರಾಯಿಂಗ್ ಮೇಷ್ಟ್ರು:
ಹೆಂಡತಿ ಫ್ರೇಮ್ ಹಾಕಿಸಿದಳು. ಊಟದ ಮನೆಯಲ್ಲಿದೆ. ನೇರಳೆ ಬಂದಿಲ್ಲ.

ಬಣ್ಣದ ಡಬ್ಬಿ:
ಡಾಕ್ಟ್ರೇ, ಆ ಜಿನ್ ಬಾಟ್ಲಿ ಲೇಬಲ್ ಹತ್ತಿರದಿಂದ ಒಂದು ಫೋಟೋ ಹಾಕುತ್ತೀರಾ? ಮಿಗೆಲ್‌ನ ರೆಕ್ಕೆ ಅಂಚಿನಲ್ಲಿ ಆ ಬೆಳಕಿನ ಗೆರೆ ಆಗಲೇ ಇತ್ತಾ ಅಂತ ನೋಡಬೇಕು. ಸ್ಪೇನ್‌ಗೆ ಹೋಗುವ ಮೊದಲೇ ಬಂದಿದ್ದರೆ ಮೇಷ್ಟ್ರ ಸೊರೋಯಾ ಮಾತಿಗೆ ನಾನೊಂದು ತಕರಾರು ಎತ್ತುತ್ತೇನೆ.

ದವಾವೋ ಡಾಕ್ಟ್ರು:
ಶುಕ್ರವಾರ ಅನಾಟಮಿ ಪರೀಕ್ಷೆ ಇದೆ. ಶನಿವಾರ ಹಾಕುತ್ತೇನೆ. ಖಾಲಿ ಬಾಟ್ಲಿ ಅಂಗಡಿ ಆಂಟಿ ಹತ್ತಿರ ಕೇಳಿ ತರುತ್ತೇನೆ, ತುಂಬಿದ್ದು ತಗೊಂಡೆ ಅಂತ ಯಾರೂ ನಮ್ಮನೆಗೆ ಹೇಳಬೇಡಿ.

ಗಿರೀಶ ಎಂ:
ಎಡಾಡೆಸ್ ಬಗ್ಗೆ ಅಲ್ಲಿ ಏನಾದರೂ ಸಿಕ್ಕರೆ ಅದನ್ನೂ ಹಾಕಿ. ಬಾಟ್ಲಿ ಪಕ್ಕದಲ್ಲಿ ಬೇಡ, ಬೇರೆ ಫೋಟೋ.

ಡ್ರಾಯಿಂಗ್ ಮೇಷ್ಟ್ರು:
ಬಾಟ್ಲಿಯನ್ನು ಕಿಟಕಿಗೆ ಬೆನ್ನು ಮಾಡಿ ಇಡಿ. ಫ್ಲಾಷ್ ಹಾಕಬೇಡಿ.